1107ರ ಪಕ್ಕದ ಮನೆ: ಕಲಬುರಗಿಯಿಂದ ಶ್ರೀನಗರ ಕೇಳಿದ್ದು

ಕರೆಂಟ್ ಹೋದ ಒಂದು ರಾತ್ರಿಯಿಂದ ಇದು ಶುರುವಾಯಿತು. ನಮ್ಮದು ಸೇಡಂ ರೋಡಿನ ಕಡೆ ಆರ್‌ಸಿಸಿ ಮನೆ. ಡಿಜಿಟಲ್ ಟ್ಯೂನಿಂಗಿನ ಸಣ್ಣ ರೇಡಿಯೋ ತಂದು ತಿಂಗಳಾಗಿತ್ತು. ಮೀಡಿಯಂ ವೇವ್ ಹಚ್ಚಿದರೆ ನಮ್ಮೂರು ಕಲಬುರಗಿಯ ಆಕಾಶವಾಣಿ, 1107 ಕಿಲೋಹರ್ಟ್ಜ್, ಒಂದೇ ನೆಟ್ಟಗೆ ಬರುತ್ತಿತ್ತು, ಉಳಿದದ್ದೆಲ್ಲ ಗರಗರ. ಆ ರಾತ್ರಿ ಇಡೀ ಓಣಿಯ ಕರೆಂಟ್ ಹೋಯಿತು. ಸೆಲ್ ಮೇಲೆ ಓಡುತ್ತಿದ್ದ ರೇಡಿಯೋದಲ್ಲಿ ಗರಗರ ಥಟ್ಟನೆ ನಿಂತು, ಬೆಂಗಳೂರಿನ 612 ಎದುರಿಗೆ ಕೂತು ಮಾತಾಡಿದಷ್ಟು ಸ್ವಚ್ಛ ಕೇಳಿಸಿತು. ಹಿಂದೆಯೇ ಧಾರವಾಡದ 765, ಹೈದರಾಬಾದಿನ 738. ರೇಡಿಯೋ ಕೆಟ್ಟಿರಲಿಲ್ಲ, ಕೆಟ್ಟಿದ್ದು ನಮ್ಮ ಮನೆಯ ವೈರಿಂಗಿನಲ್ಲಿ ಹರಿಯುತ್ತಿದ್ದ ಗದ್ದಲ ಅಂತ ಅಂದು ಗೊತ್ತಾಯಿತು.

ಮುಂದಿನ ಭಾನುವಾರ ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ರೇಡಿಯೋ ಕೈಯಲ್ಲಿ ಹಿಡಿದು, ಒಂದೊಂದೇ ಸ್ವಿಚ್ ಹಚ್ಚುತ್ತ ಕೋಣೆ ಕೋಣೆ ತಿರುಗಿದೆ. ಒಳಗಿನಿಂದ ಮನೆಯವಳು, "ಏನ್ರೀ, ಫ್ರಿಜ್ಜಿನ್ಯಾಗ ಹಾಲು ಕೆಡ್ತದ, ಲಗೂ ಹಚ್ರಿ" ಅಂತ ಕೂಗುತ್ತಿದ್ದಳು. ಮೊದಲು ಸಿಕ್ಕಿದ್ದು ದೇವರ ಮನೆಯ ಎಲ್‌ಇಡಿ ಬಲ್ಬು. ಆಮೇಲೆ ಫೋನ್ ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಟಿವಿ ಬಂದ್ ಮಾಡಿದರೂ ಒಳಗೊಳಗೇ ಎಚ್ಚರವಿರುವ ಸೆಟ್ ಟಾಪ್ ಬಾಕ್ಸ್. ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಅನೇಕ ಸಲ ಕಡಿದು ಜೋಡಿಸುತ್ತವೆ. ಆ ಕಡಿತದ ಸದ್ದು ಮೀಡಿಯಂ ವೇವ್ ತುಂಬ ಹರಡುತ್ತದೆ, ಗೋಡೆಯೊಳಗಿನ ವೈರುಗಳೇ ಅದಕ್ಕೆ ಏರಿಯಲ್ ಆಗುತ್ತವೆ. ಬಲ್ಬು ಬದಲಿಸಿದೆ. ಹೊಸದನ್ನು ಅಂಗಡಿಯಲ್ಲೇ ಹಚ್ಚಿಸಿ, ಪಕ್ಕದಲ್ಲಿ ರೇಡಿಯೋ ಹಿಡಿದು ನೋಡಿಯೇ ತಂದೆ. ಉಳಿದವನ್ನು ಕೇಳುವ ಹೊತ್ತಿನಲ್ಲಿ ಪ್ಲಗ್ಗಿನಿಂದಲೇ ಕಿತ್ತಿಡುತ್ತೇನೆ.

ಆಮೇಲೆ ಜಾಗ. ಆರ್‌ಸಿಸಿಯ ಕಬ್ಬಿಣದ ಸಳಿಗಳು ಸಿಗ್ನಲ್ಲನ್ನು ಬಹಳಷ್ಟು ಹೊರಗೇ ತಡೆಯುತ್ತವೆ. ಚಿತ್ತಾಪುರದ ಕಡೆ ನಮ್ಮ ಮುತ್ತ್ಯಾನ ಮನೆಗೆ ಶಹಾಬಾದ್ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಗೋಡೆಯ ಮಾಡದಲ್ಲಿಟ್ಟ ಅವನ ರೇಡಿಯೋಕ್ಕೆ ಈ ತೊಂದರೆಯೇ ಇರಲಿಲ್ಲ. ನಾನು ಮೇಜು, ಕುರ್ಚಿ, ಬ್ಯಾಟರಿ ದೀಪ ಎಲ್ಲ ನಮ್ಮ ಮನೆಯ ಮಾಳಿಗೆ ಮೇಲಿನ ತಗಡಿಲ್ಲದ ಮೂಲೆಗೆ ಸಾಗಿಸಿದೆ.

ಏರಿಯಲ್ ಕೈಯಿಂದಲೇ ಮಾಡಿದೆ. ಎರಡಡಿ ಚೌಕದ ಕಟ್ಟಿಗೆಯ ಚೌಕಟ್ಟು, ಅದರ ಸುತ್ತ ಕಾಲಂಗುಲ ಅಂತರ ಬಿಟ್ಟು ಸುತ್ತಿದ ಇನ್ಸುಲೇಟೆಡ್ ವೈರು, ವೈರಿನ ಎರಡು ತುದಿಗಳ ನಡುವೆ ಹಳೆ ರೇಡಿಯೋದ ಗ್ಯಾಂಗ್ ಕಂಡೆನ್ಸರ್, ಅಂದರೆ ತಿರುಗಿಸಿ ಸ್ಟೇಷನ್ ಹಿಡಿಯುವ ಭಾಗ. ಅದನ್ನು ಸೂಪರ್ ಮಾರ್ಕೆಟ್ ಕಡೆಯ ರಿಪೇರಿ ಅಂಗಡಿಯಲ್ಲಿ ಕೇಳಿದಾಗ ಅಲ್ಲಿನ ಹಿರಿಯರು ಡಬ್ಬಿ ತಡಕಾಡಿ ತೆಗೆದುಕೊಟ್ಟು, "ಇದನ್ನ ಕೇಳ್ಕೊಂಡು ಈಗ ಯಾರೂ ಬರಂಗಿಲ್ರೀ, ಒಯ್ರಿ" ಅಂದರು. ರೊಕ್ಕ ತಗೊಳ್ಳಲಿಲ್ಲ.

ಸುತ್ತು ಹೆಚ್ಚಿದಷ್ಟೂ ಒಳ್ಳೆಯದು ಅಂತ ಹದಿನೆಂಟು ಸುತ್ತು ಹಾಕಿದ್ದೆ. 612, 720ರಲ್ಲಿ ಭರ್ಜರಿಯಾಗಿ ಕೆಲಸ ಮಾಡಿತು. 1100 ದಾಟಿದರೆ ಮಾತ್ರ ಕಂಡೆನ್ಸರ್ ಪೂರ್ತಿ ತೆರೆದರೂ ಟ್ಯೂನ್ ಆಗಲೊಲ್ಲದು. ಸುತ್ತು ಹೆಚ್ಚಿದರೆ ಇಂಡಕ್ಟನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಸುರುಳಿಯ ಗುಣ) ಹೆಚ್ಚುತ್ತದೆ, ಮೇಲಿನ ಫ್ರೀಕ್ವೆನ್ಸಿ ಕೈತಪ್ಪುತ್ತದೆ. ಆರು ಸುತ್ತು ಬಿಚ್ಚಿದೆ. ಹನ್ನೆರಡು ಸುತ್ತಿಗೆ, ಅಂದರೆ ಸುಮಾರು ನೂರಡಿ ವೈರಿಗೆ, 531ರಿಂದ 1602ರವರೆಗೂ ಸಿಕ್ಕಿತು. ರೇಡಿಯೋಕ್ಕೆ ವೈರು ಜೋಡಿಸುವ ಅಗತ್ಯವೇ ಇಲ್ಲ. ಅದರೊಳಗೆ ಏರಿಯಲ್ ಆಗಿರುವ ಫೆರೈಟ್ ಕಡ್ಡಿ ಚೌಕಟ್ಟಿನ ಕಿಟಕಿಯ ಮೂಲಕ ಆಚೆ ನೋಡುವ ಹಾಗೆ ಹತ್ತಿರ ಇಟ್ಟು, ಕಂಡೆನ್ಸರ್ ತಿರುಗಿಸಿದರೆ ಸಿಗ್ನಲ್ ಎದ್ದು ನಿಲ್ಲುತ್ತದೆ.

ಆದರೆ ಈ ಚೌಕಟ್ಟಿನ ನಿಜವಾದ ಗುಣ ಹಿಡಿಯುವುದಲ್ಲ, ಬಿಡುವುದು. ಅದರ ಅಂಚು ಯಾವ ದಿಕ್ಕಿಗಿದೆಯೋ ಅಲ್ಲಿಂದ ಚೆನ್ನಾಗಿ ಕೇಳುತ್ತದೆ, ಅಗಲ ಮುಖ ಯಾವ ಕಡೆಗಿದೆಯೋ ಅಲ್ಲಿಂದ ಕೇಳುವುದೇ ಇಲ್ಲ. ಹತ್ತಿರದ ಮನೆಯ ಕಾಕಾ ಅವರ ಇನ್ವರ್ಟರ್ ಗದ್ದಲವನ್ನು ಹೀಗೆ ಮುಖ ತಿರುಗಿಸಿಯೇ ಕಳೆದೆ. ಅವರಿಗೆ ಇನ್ವರ್ಟರ್ ಬಂದ್ ಮಾಡ್ರಿ ಅನ್ನಲಿಕ್ಕೆ ಬರುತ್ತದೆಯೇ?

ಆಗ ಹುಟ್ಟಿದ ಆಸೆ ಶ್ರೀನಗರ. ನಮ್ಮಲ್ಲಿ ಸ್ಟೇಷನ್ನುಗಳ ನಡುವೆ 9 ಕಿಲೋಹರ್ಟ್ಜ್ ಅಂತರ. 1107ಕ್ಕೆ ಒಂಬತ್ತು ಕೂಡಿಸಿದರೆ 1116, ಅದೇ ಶ್ರೀನಗರ. ನೆಲದ ಮೇಲೆ ಸುಮಾರು 1,850 ಕಿಲೋಮೀಟರ್ ದೂರ, ಡಯಲಿನ ಮೇಲೆ ಪಕ್ಕದ ಮನೆ. ಹಗಲಲ್ಲಿ ಸಾಧ್ಯವೇ ಇಲ್ಲ. ಸೂರ್ಯ ಇರುವತನಕ ವಾತಾವರಣದ ಮೇಲಿನ ಡಿ ಪದರ ಈ ತರಂಗಗಳನ್ನು ನುಂಗಿಬಿಡುತ್ತದೆ. ಕತ್ತಲಾದ ಮೇಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರಗಳಿಗೆ ಬಡಿದು ತರಂಗ ದೂರ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಿಂಚಿನ ಚಟಪಟ ಕಿವಿ ಒಡೆಯುತ್ತದೆ, ಮಿಂಚಿದ್ದಾಗ ಮಾಳಿಗೆ ಮೇಲೆ ಕೂಡುವುದೂ ತಪ್ಪು. ಹಾಗಾಗಿ ಚಳಿಗಾಲಕ್ಕೆ ಕಾದೆ.

ಕಾಯುತ್ತಲೇ ಬೇರೆ ದೂರಗಳು ಸಿಕ್ಕವು. ಶ್ರೀಲಂಕಾದ ಪುತ್ತಲಮ್‌ನಿಂದ ಬರುವ 882 ಸುಲಭ, ಅದರ ಟ್ರಾನ್ಸ್‌ಮಿಟರ್ 400 ಕಿಲೋವ್ಯಾಟಿನದು. ಒಮಾನಿನಿಂದ ಬಿಬಿಸಿಯ 1413 ಏಳುತ್ತ ಬೀಳುತ್ತ ಬಂತು.

ಡಿಸೆಂಬರಿನ ಒಂದು ರಾತ್ರಿ ಒಂಬತ್ತೂವರೆಗೆ ರಗ್ಗು ಹೊದ್ದು ಕೂತೆ. ಮೊದಲು 1107ಕ್ಕೇ ಹಚ್ಚಿ, ಚೌಕಟ್ಟನ್ನು ಕೂದಲೆಳೆಯಷ್ಟು ಸರಿಸುತ್ತ ನಮ್ಮೂರಿನ ದನಿ ತೀರ ಸಣ್ಣದಾಗುವ ಕೋನ ಹುಡುಕಿ, ಫರ್ಸಿ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಎರಡೂ ಸ್ಟೇಷನ್ನುಗಳ ದಿಕ್ಕು ಬೇರೆಯಾಗಿದ್ದದ್ದು ನನ್ನ ಪುಣ್ಯ. ಆಮೇಲೆ 1116, ಅಲ್ಲಿಂದ ಇನ್ನೊಂದು ಕಿಲೋಹರ್ಟ್ಜ್ ಮೇಲೆ, 1117. ಇದರಿಂದ 1107ರಿಂದ ಚೆಲ್ಲಿ ಬರುವ ಸದ್ದು ಇನ್ನಷ್ಟು ಹಿಂದೆ ಸರಿಯುತ್ತದೆ. ಬ್ಯಾಂಡ್‌ವಿಡ್ತ್ (ರೇಡಿಯೋ ಒಂದೇ ಸಲಕ್ಕೆ ಕೇಳುವ ಫ್ರೀಕ್ವೆನ್ಸಿಗಳ ಅಗಲ) ಕಿರಿದು ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿದೆ.

ಇಪ್ಪತ್ತು ನಿಮಿಷ ಬರೀ ಉಸಿರಿನಂಥ ಸದ್ದು. ಆಮೇಲೆ ಸಂತೂರ್, ಕಾಶ್ಮೀರದ ತಂತಿವಾದ್ಯ. ಮುಳುಗಿತು, ಮತ್ತೆ ಎದ್ದಿತು. ಗೊತ್ತಿಲ್ಲದ ಭಾಷೆಯಲ್ಲಿ ಹೆಣ್ಣುದನಿಯೊಂದು ಮಾತಾಡತೊಡಗಿತು, ಅದರ ನಡುವೆ "ಸಿರಿನಗರ್" ಎಂಬ ಒಂದೇ ಶಬ್ದ ಸ್ಪಷ್ಟವಾಗಿ ಕಿವಿಗೆ ಬಿತ್ತು. ಕೈ ನಡುಗುತ್ತಿತ್ತು, ಚಳಿಗಷ್ಟೇ ಅಲ್ಲ. ನೋಟುಬುಕ್ಕಿನಲ್ಲಿ ಬರೆದೆ: 1116, ರಾತ್ರಿ 9.52, ಸಂತೂರ್, ಹೆಣ್ಣುದನಿ, ಸಿಗ್ನಲ್ ಏರಿಳಿತ ಬಹಳ. ಕೆಳಗಿಳಿದು ಮನೆಯವಳನ್ನು ಎಬ್ಬಿಸಿ ಕರೆತಂದು ಒಂದು ಕಿವಿಗೆ ಹೆಡ್‌ಫೋನ್ ಹಿಡಿದೆ. ಕಣ್ಣು ಮುಚ್ಚಿ ಕೇಳಿದಳು.

"ಅಲ್ಲಿ ಹಿಮ ಬೀಳ್ಲತ್ತಿರಬೇಕಲ್ರೀ ಈಗ" ಅಂದಳು.