ಕಳುಹಿಸಿದವರ ಹೆಸರನ್ನಷ್ಟೇ ನಂಬಿ ಲಗತ್ತನ್ನು ತೆರೆಯಬೇಡಿ

ಪರಿಚಿತರ ವಿಳಾಸದಿಂದ ವೈರಸ್ ಇರುವ ಇಮೇಲ್ ಬಂದಾಗ ಅವರ ಮೇಲೆ ಸಿಟ್ಟಾಗುವ ಮೊದಲು ದಯವಿಟ್ಟು ಒಂದು ವಿಷಯವನ್ನು ಗಮನಿಸಿ: ಅಂಚೆ ಲಕೋಟೆಯ ಮೇಲೆ ಯಾರ ಹೆಸರನ್ನು ಬೇಕಾದರೂ ಬರೆಯಬಹುದಾದಂತೆ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ವ್ಯವಸ್ಥೆಯೂ ಕಳುಹಿಸಿದವರ ವಿಳಾಸ ನಿಜವೇ ಎಂದು ತಾನಾಗಿ ಪರೀಕ್ಷಿಸುವುದಿಲ್ಲ. 2002ರಲ್ಲಿ ವ್ಯಾಪಕವಾಗಿ ಹರಡಿದ ಕ್ಲೆಜ್ ಎಂಬ ವೈರಸ್, ಸೋಂಕು ತಗುಲಿದ ಕಂಪ್ಯೂಟರಿನಲ್ಲಿ ಸಿಕ್ಕ ವಿಳಾಸಗಳಲ್ಲೊಂದನ್ನು ಕಳುಹಿಸಿದವರ ಜಾಗದಲ್ಲಿ ಹಾಕಿ, ಉಳಿದವರಿಗೆ ತನ್ನ ಪ್ರತಿಗಳನ್ನು ರವಾನಿಸುತ್ತಿತ್ತು. 2004ರ ಮೈಡೂಮ್ ವೈರಸ್ ಕೂಡ ಸುಳ್ಳು ವಿಳಾಸವನ್ನೇ ಬಳಸಿತು. ಹೀಗಾಗಿ ಹೆಸರು ಕಾಣಿಸಿಕೊಂಡವರ ಕಂಪ್ಯೂಟರ್ ಸ್ವಚ್ಛವಾಗಿಯೇ ಇದ್ದು, ಸೋಂಕು ನಿಮ್ಮಿಬ್ಬರನ್ನೂ ಬಲ್ಲ ಮೂರನೆಯವರಲ್ಲಿರಬಹುದು. ನೀವು ಬರೆಯದ ಪತ್ರವೊಂದು ತಲುಪಲಿಲ್ಲವೆಂದು ನಿಮಗೇ ಹಿಂದಿರುಗುವುದಕ್ಕೂ ಇದು ಕಾರಣವಾಗಬಹುದು. ಅದರ ಲಗತ್ತನ್ನೂ ಮುಟ್ಟಬೇಡಿ.

ನಿರೀಕ್ಷಿಸದ ಲಗತ್ತು ಬಂದರೆ ಅದೇ ಇಮೇಲ್‌ಗೆ ಉತ್ತರಿಸದೆ, ಕಳುಹಿಸಿದವರಿಗೆ ಫೋನ್ ಮಾಡಿ ಕೇಳುವುದೇ ಎಲ್ಲಕ್ಕಿಂತ ಭದ್ರವಾದ ದಾರಿಯೆಂದು ನಾನು ನಂಬಿದ್ದೇನೆ. ಕಡತದ ಪೂರ್ಣ ಹೆಸರು ಕಾಣುವಂತೆ ವಿಂಡೋಸ್‌ನಲ್ಲಿ ಹೊಂದಿಸಿಕೊಳ್ಳಿ, ಏಕೆಂದರೆ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಹೆಸರಿನ ಕೊನೆಯ ಭಾಗ ಮರೆಯಾದರೆ ಅಪಾಯಕಾರಿ ಪ್ರೋಗ್ರಾಮ್ ಕೂಡ ಸಾಧಾರಣ ದಾಖಲೆಯಂತೆ ತೋರುತ್ತದೆ. ಆಂಟಿವೈರಸ್ ಅನ್ನು ನವೀಕರಿಸುತ್ತಿರಿ. ಪತ್ರ ನಿಜಕ್ಕೂ ಆ ವಿಳಾಸದ ಸಂಸ್ಥೆಯಿಂದಲೇ ಬಂದಿದೆಯೇ ಎಂದು ಇಮೇಲ್ ಸೇವೆಗಳು ನೋಡುವ ಎಸ್‌ಪಿಎಫ್, ಡಿಕೆಐಎಂ ಎಂಬ ಪರೀಕ್ಷೆಗಳು ಅನೇಕ ನಕಲಿ ವಿಳಾಸಗಳನ್ನು ತಡೆಯುತ್ತವೆಯಾದರೂ, ಪರಿಚಿತರ ಖಾತೆಯೇ ಕಳ್ಳರ ಕೈ ಸೇರಿದ್ದರೆ ಅವುಗಳಿಂದ ಪ್ರಯೋಜನವಿಲ್ಲ.