ಪಂಪ್ ಬಿಚ್ಚುವ ಮೊದಲು ನಾನು ನೋಡುವುದು

"ಮೋಟರ್ ತಿರುಗುತ್ತೆ, ನೀರು ಮಾತ್ರ ಬರ್ತಿಲ್ಲ." ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇದೇ ದೂರು. ಬಾವಿ ದಂಡೆಯ ಮೇಲೆ ಕೂರಿಸಿದ ಮೊನೊಬ್ಲಾಕ್ (ಮೋಟರ್, ಪಂಪ್ ಎರಡೂ ಒಂದೇ ಶಾಫ್ಟಿನಲ್ಲಿ ಸೇರಿರುವ) ಪಂಪ್‌ಗಳ ರಿಪೇರಿ ನನ್ನ ಕೆಲಸ. ಹೋದ ತಕ್ಷಣ ಪಂಪ್ ಬಿಚ್ಚುವುದಿಲ್ಲ. ಮೊದಲು ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ ಆಂಪ್ಸ್ ನೋಡುತ್ತೇನೆ.

5 ಎಚ್‌ಪಿ ತ್ರೀ ಫೇಸ್ ಮೋಟರ್ ಪೂರ್ತಿ ಲೋಡಿನಲ್ಲಿ ಸುಮಾರು 7ರಿಂದ 8 ಆಂಪ್ಸ್ ಎಳೆಯುತ್ತದೆ. ಅದಕ್ಕಿಂತ ತೀರಾ ಕಡಿಮೆ ತೋರಿಸಿದರೆ ಪಂಪಿನೊಳಗೆ ಗಾಳಿ ತುಂಬಿರಬಹುದು, ಇಲ್ಲವೇ ಒಳಗೆ ತಿರುಗಿ ನೀರು ತಳ್ಳುವ ಚಕ್ರದಲ್ಲಿ, ಅಂದರೆ ಇಂಪೆಲ್ಲರ್‌ನಲ್ಲಿ, ಕಸ ಕಟ್ಟಿರಬಹುದು. ಜಾಸ್ತಿ ಇದ್ದರೆ ವೋಲ್ಟೇಜ್ ಬಿದ್ದಿದೆಯಾ, ಬೇರಿಂಗ್ ಹಿಡಿದಿದೆಯಾ ಎಂದು ನೋಡಬೇಕು.

ನಾನು ಕಂಡಂತೆ ಗಾಳಿಯದ್ದೇ ಹೆಚ್ಚು ಕಾಟ. ಪಂಪ್ ನಿಲ್ಲಿಸಿ ಮೇಲಿನಿಂದ ನೀರು ತುಂಬಿಸುತ್ತೇನೆ. ತುಂಬಿದ ನೀರು ಹಾಗೇ ಇಳಿಯುತ್ತಾ ಹೋದರೆ ಫುಟ್‌ವಾಲ್ವ್ (ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ನೋಡಲೇಬೇಕು. ಎಲೆಯೋ ಕಡ್ಡಿಯೋ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ವಾಶರ್ ಸವೆದಿರುತ್ತದೆ. ನೀರು ನಿಂತರೂ ಪಂಪ್ ಎತ್ತದಿದ್ದರೆ, ಓಡುವಾಗಲೇ ಸಕ್ಷನ್ ಪೈಪಿನ (ಬಾವಿಯಿಂದ ಪಂಪಿಗೆ ಬರುವ ಪೈಪಿನ) ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚುತ್ತೇನೆ. ಸೋರುವ ಕಡೆ ನೊರೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ಪಂಪ್ ನೀರು ಬಿಟ್ಟುಬಿಡುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಕಾರಣ ಇರುತ್ತೆ. ಪಂಪ್ ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ನೀರಿನಿಂದ ಪಂಪಿನವರೆಗಿನ ಎತ್ತರ ಲೆಕ್ಕದಲ್ಲಿ 10 ಮೀಟರ್ ಆದರೂ ತೋಟದಲ್ಲಿ 6-7 ಮೀಟರ್ ದಾಟಿದರೆ ಕಷ್ಟ. ಬಾವಿ ನೀರು ಅದಕ್ಕಿಂತ ಕೆಳಗಿಳಿದರೆ ಪಂಪನ್ನೇ ಕೆಳಗಿಳಿಸಬೇಕು. ಸುಮ್ನೆ ಹೊಸ ಇಂಪೆಲ್ಲರ್ ಹಾಕಿಸಿ ದುಡ್ಡು ಕಳೆಯಬೇಡಿ.

ಕರೆಂಟ್ ಲೈನ್ ರಿಪೇರಿ ಆದ ಮರುದಿನದಿಂದ ನೀರು ಕಡಿಮೆಯಾಗಿದ್ದರೆ ಮೋಟರ್ ತಿರುಗುವ ದಿಕ್ಕು ನೋಡಿ. ಉಲ್ಟಾ ಇದ್ದರೆ ಮೇನ್ ಆಫ್ ಮಾಡಿ, ಮೂರು ಫೇಸ್ ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿಸಿದರೆ ಮುಗಿಯಿತು.

ಗ್ಲ್ಯಾಂಡ್ ದಾರ (ಶಾಫ್ಟಿನ ಸುತ್ತ ನೀರು ಸೋರದಂತೆ ಸುತ್ತುವ ದಾರ) ಹಾಕಿದ ಪಂಪಿನಲ್ಲಿ ಹನಿ ಹನಿಯಾಗಿ ನೀರು ತೊಟ್ಟಿಕ್ಕಬೇಕು. ಆ ಹನಿಯೇ ಶಾಫ್ಟನ್ನು ತಂಪಾಗಿಡುವುದು. ಹನಿ ನಿಲ್ಲಲಿ ಅಂತ ನಟ್ ಬಿಗಿದರೆ ದಾರ ಸುಟ್ಟು ಶಾಫ್ಟ್ ಸವೆಯುತ್ತದೆ, ಆಮೇಲೆ ಧಾರೆಯಾಗಿಯೇ ಸೋರುತ್ತದೆ. ಕರೆಂಟ್ ಬಂದಾಗ ತಾನೇ ಪಂಪ್ ಶುರು ಮಾಡುವ ಆಟೋ ಸ್ಟಾರ್ಟರ್ ಇರುವವರಂತೂ, ನೀರಿಲ್ಲದೆ ಓಡಿದರೆ ಪಂಪ್ ನಿಲ್ಲಿಸುವ ಡ್ರೈ ರನ್ ಕಟ್‌ಆಫ್ ಹಾಕಿಸಿಕೊಳ್ಳಿ. ನಡುರಾತ್ರಿ ಕರೆಂಟ್ ಬಂದು ಪಂಪ್ ಖಾಲಿ ಓಡುತ್ತಿದ್ದರೆ ನೋಡಲು ಅಲ್ಲಿ ಯಾರೂ ಇರುವುದಿಲ್ಲ, ಅಲ್ವಾ?