ಪುಣೆ ಮಳೇಲಿ ಹೆಲ್ಮೆಟ್ ನಾತ ಹೊಡೀತಿದ್ಯಾ? ಹೀಗೆ ಕ್ಲೀನ್ ಮಾಡಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಹೆಲ್ಮೆಟ್ ಒಳಗೆ ಸರಿಯಾಗಿ ಒಣಗೋದೇ ಇಲ್ಲ, ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಬೆವರು ಬೇರೆ, ಅದಕ್ಕೇ ಮುಗ್ಗಲು ವಾಸನೆ. ಒಳಗಿನ ಪ್ಯಾಡ್ ಬಿಚ್ಚೋಕೆ ಬಂದ್ರೆ ಬಟನ್ ಮೆಲ್ಲಗೆ ಎಳೆದು ತೆಗೀರಿ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೇಬಿ ಶಾಂಪೂ ಹಾಕಿ ನೆನೆಸಿ ಕೈಯಲ್ಲೇ ಅದುಮಿ ತೊಳೀರಿ, ತಿರುಚಿ ಹಿಂಡಬೇಡಿ, ಫ್ಯಾನ್ ಕೆಳಗೆ ಒಣಗಿಸಿ.

ವೈಸರ್ ಮೇಲೆ ಕೆಸರು, ಹುಳ ಅಂಟಿದ್ರೆ ಒಣ ಬಟ್ಟೇಲಿ ಉಜ್ಜಲೇಬೇಡಿ, ಗೀರು ಬಿದ್ರೆ ರಾತ್ರಿ ಎದುರಿನ ಲೈಟೆಲ್ಲ ಚೆದುರಿ ರಸ್ತೆನೇ ಕಾಣಲ್ಲ. ಒದ್ದೆ ಬಟ್ಟೆ 10 ನಿಮಿಷ ಹೊದಿಸಿಡಿ, ಮೆತ್ತಗಾಗಿ ತಾನೇ ಬಿಡುತ್ತೆ.

ಪೆಟ್ರೋಲ್, ಥಿನ್ನರ್ ಮಾತ್ರ ಮುಟ್ಟಿಸಬೇಡಿ ಪ್ಲೀಸ್, ಒಳಗಿನ ಥರ್ಮಾಕೋಲ್ ಕರಗುತ್ತೆ, ಬಿದ್ದಾಗ ಪೆಟ್ಟು ಹೀರೋದು ಅದೇ. ಜೋರಾಗಿ ಬಿದ್ದು ಏಟು ತಿಂದ ಹೆಲ್ಮೆಟ್ ಆದ್ರೆ ತೊಳೆಯೋದು ಬಿಟ್ಟು ಐಎಸ್‌ಐ ಮಾರ್ಕಿಂದು ಹೊಸದು ತಗೊಳ್ಳಿ.